ಸಾರಮತಿಗೆ ಸಿಂಫನಿಯ ಮೇಳ

ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್ ವಾದ್ಯಗಳೊಂದಿಗೆ ಬೆಸೆದು ಹೆಸರಾದದ್ದು ಬೆಂಗಳೂರಿನ ‘ಅಗಮ್’ ತಂಡ. 2003ರಲ್ಲಿ ಶುರುವಾದ ಈ ತಂಡವನ್ನು ಕಟ್ಟಿ ಬೆಳೆಸಿದವರಲ್ಲಿ ಹಲವರು ಐಟಿ ಕೆಲಸ ಬಿಡದೆಯೇ ಸಂಗೀತ ಮಾಡಿದವರು. ಹರೀಶ್ ಶಿವರಾಮಕೃಷ್ಣನ್ ಹಾಡುತ್ತಾರೆ, ಪಿಟೀಲನ್ನೂ ನುಡಿಸುತ್ತಾರೆ. ಕೀಬೋರ್ಡ್ ಸ್ವಾಮಿ ಸೀತಾರಾಮನ್ ಅವರದು, ಲೀಡ್ ಗಿಟಾರ್ ಟಿ. ಪ್ರವೀಣ್ ಕುಮಾರ್ ಅವರದು. ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ (2012), ‘ಎ ಡ್ರೀಮ್ ಟು ರಿಮೆಂಬರ್’ (2017), ‘ಅರೈವಲ್ ಆಫ್ ದಿ ಎಥೀರಿಯಲ್’ (2025) ತಂಡದ ಆಲ್ಬಂಗಳು.

ಕರ್ನಾಟಕ ಸಂಗೀತ ಒಂದೇ ಎಳೆಯಲ್ಲಿ ಸಾಗುವಂಥದು. ಸ್ವರವನ್ನು ಬಳುಕಿಸುವ ಗಮಕವೇ ಅದರ ಜೀವಾಳ. ರಾಕ್ ನಿಲ್ಲುವುದು ಕಾರ್ಡ್‌ಗಳ ಮೇಲೆ, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಮೇಲೆ. ಗಿಟಾರಿನ ಮೆಟ್ಟಿಲುಗಳು ಸ್ವರವನ್ನು ಕಟ್ಟಿಹಾಕುತ್ತವೆ. ಗಮಕ ಬೇಕಾದರೆ ವಾದಕ ತಂತಿಯನ್ನು ಪಕ್ಕಕ್ಕೆ ಎಳೆಯಬೇಕು. ‘ಮಿಸ್ಟ್ ಆಫ್ ಕ್ಯಾಪ್ರಿಕಾರ್ನ್’ ಎಂಬ ಹೆಸರಿನಲ್ಲಿ ಅಗಮ್ ನುಡಿಸಿರುವುದು ತ್ಯಾಗರಾಜರ ‘ಮನವ್ಯಾಲಕಿಂಚರಾದಟೆ’ ಕೃತಿ. ರಾಗ ನಳಿನಕಾಂತಿ. ಅದರ ಆರೋಹಣ ನೇರವಾಗಿ ಏರುವುದಿಲ್ಲ: ಸ ಗ ರಿ ಮ ಪ ನಿ ಸ. ಗಾಂಧಾರಕ್ಕೆ ಹೋಗಿ ರಿಷಭಕ್ಕೆ ಮರಳಿ, ಅಲ್ಲಿಂದ ಮಧ್ಯಮಕ್ಕೆ ಜಿಗಿಯುತ್ತದೆ. ಧೈವತ ಇಲ್ಲವೇ ಇಲ್ಲ. ಈ ವಕ್ರನಡೆಯೇ ರಾಗದ ಗುರುತು. ಡ್ರಮ್ಸ್ ಎಷ್ಟು ಜೋರಾದರೂ ಈ ನಡೆ ಕೆಡದಿದ್ದರೆ ಕೃತಿ ಉಳಿದಂತೆ.

ಮೂರನೆಯ ಆಲ್ಬಂನಲ್ಲಿ ಸಿಂಫನಿ ವಾದ್ಯವೃಂದವೂ ಸೇರಿತು. ಅದರ ‘ದಿ ಸೈಲೆನ್ಸ್ ದಟ್ ರಿಮೇನ್ಸ್’ಗೆ ಆಧಾರ ಸಾರಮತಿ ರಾಗದ ‘ಮೋಕ್ಷಮು ಗಲದಾ’ ಕೃತಿ. ಶ್ರೇಯಾ ಘೋಷಾಲ್ ಇದರಲ್ಲಿ ದನಿಗೂಡಿಸಿದ್ದಾರೆ. ಸಾರಮತಿ 20ನೇ ಮೇಳ ನಠಭೈರವಿಯ ಜನ್ಯ. ನಠಭೈರವಿಯ ಸ್ವರಗಳೇ ಪಾಶ್ಚಾತ್ಯರ ನ್ಯಾಚುರಲ್ ಮೈನರ್. ಹಾಗಾಗಿ ಪಿಟೀಲು, ಚೆಲ್ಲೋಗಳ ಸಮೂಹ ಈ ರಾಗಕ್ಕೆ ಹೊರಗಿನದೆನಿಸುವುದಿಲ್ಲ. ಆದರೆ ಅವರೋಹಣದಲ್ಲಿ ಸಾರಮತಿ ಪಂಚಮವನ್ನೂ ರಿಷಭವನ್ನೂ ಬಿಟ್ಟು ಇಳಿಯುತ್ತದೆ, ಷಡ್ಜದ ಮೇಲೆ ಕಟ್ಟುವ ಕಾರ್ಡ್‌ಗೋ ಸಾಮಾನ್ಯವಾಗಿ ಪಂಚಮ ಬೇಕು. ಗಾಯಕ ಬಿಟ್ಟ ಸ್ವರವನ್ನು ಹಿಂದಿನ ವಾದ್ಯಗಳು ಹಿಡಿದು ನಿಂತರೆ ಕಚೇರಿ ಕೇಳಿ ಪಳಗಿದ ಕಿವಿಗೆ ಅದು ತಟ್ಟನೆ ತಿಳಿಯುತ್ತದೆ. ಇಂಥ ಬೆಸುಗೆಯ ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ.

ಕನ್ನಡನಾಡಿಗೆ ಕರ್ನಾಟಕ, ಪಾಶ್ಚಾತ್ಯ ಸಂಗೀತವೆಂಬ ಈ ಎರಡು ಲೋಕಗಳ ನಂಟು ಹೊಸತಲ್ಲ. 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆಗಿದ್ದರು. ಕಚೇರಿಯ ಪಿಟೀಲು ಕೂಡ ಪಶ್ಚಿಮದಿಂದ ಬಂದು ನಮ್ಮದಾದ ವಾದ್ಯ.

ಆದರೆ ಸಿಂಫನಿ ಸೇರಿದ ಇಂಥ ಆಲ್ಬಂನಲ್ಲಿ ಕೈತಪ್ಪುವುದು ಮನೋಧರ್ಮ, ಅಂದರೆ ಹಾಡುತ್ತಲೇ ಹುಟ್ಟುವ ಕಲ್ಪನೆ. ನೂರಾರು ಕೈಗಳು ಬರೆದಿಟ್ಟ ಸ್ವರವನ್ನೇ ನುಡಿಸುವಾಗ, ಸಾಹಿತ್ಯದ ಒಂದು ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್ ಆ ಕ್ಷಣದಲ್ಲಿ ಹುಟ್ಟಲಾರದು. ಅದಕ್ಕಾಗಿ ಬನಶಂಕರಿ 2ನೇ ಹಂತದ ಶ್ರೀರಾಮ ಲಲಿತ ಕಲಾ ಮಂದಿರದಂಥ ಕಡೆ, ತಂಬೂರಿ ಮೃದಂಗಗಳ ನಡುವೆ, ಸಾರಮತಿಯನ್ನು ಒಮ್ಮೆ ಕೇಳಿ. ಆಮೇಲೆ ಆಲ್ಬಂ ಹಾಕಿ.