ಕೆರೆಗೆ ಮೀನುಮರಿ ಬಿಟ್ಟರೆ ಕೆರೆ ಉಳಿಯುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ತಿಳಿಯಿರಿ

ಮಳೆಗಾಲದಲ್ಲಿ ಕೆರೆ ತುಂಬಿತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಓಡಾಡುತ್ತದೆ. ಏರಿಯ ಮೇಲೆ ನಿಂತವರು ಪ್ಲಾಸ್ಟಿಕ್ ಚೀಲ ಬಿಚ್ಚಿ ಸಾವಿರಾರು ಮೀನುಮರಿಗಳನ್ನು ನೀರಿಗೆ ಸುರಿಯುತ್ತಾರೆ. ಜೊತೆಗೆ 'ಮೀನು ಬಿಡಿ, ಕೆರೆ ಉಳಿಸಿ' ಎಂಬ ಸಾಲು. ಬೇಸಿಗೆಯಲ್ಲಿ ನೀರು ಇಳಿದು ಬಲೆ ಎಳೆಯುವ ಹೊತ್ತಿಗೆ ಇನ್ನೊಂದು ಸಂದೇಶ ಬರುತ್ತದೆ: 'ಇವೆಲ್ಲ ಇಂಜೆಕ್ಷನ್ ಮೀನು, ತಿನ್ನಬೇಡಿ.'

ಇವುಗಳಲ್ಲಿ ನಿಜವೆಷ್ಟು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಕೆರೆ ಮತ್ತು ನದಿಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಕೆರೆಗೆ ಮರಿ ಬಿಡುವುದೇಕೆ?

ನಮ್ಮ ಕೆರೆಗಳಲ್ಲಿ ಹೆಚ್ಚಾಗಿ ಬೆಳೆಸುವುದು ಕಾಟ್ಲಾ, ರೋಹು, ಮೃಗಾಲ್. ಇವು ಮೂಲತಃ ಉತ್ತರ ಭಾರತದ ನದಿಗಳ ಮೀನುಗಳು. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತದೆ. ಒಂದರ ಮೇವಿಗೆ ಇನ್ನೊಂದು ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆದರೆ ಇವು ಮೊಟ್ಟೆಯಿಡಲು ಮಳೆಗಾಲದ ಹರಿಯುವ ನೀರು ಬೇಕು. ನಿಂತ ನೀರಿನ ಕೆರೆಯಲ್ಲಿ ದಪ್ಪವಾಗಿ ಬೆಳೆಯುತ್ತವೆ, ಆದರೆ ಸಂತಾನ ಹೆಚ್ಚುವುದಿಲ್ಲ. ಹಾಗಾಗಿ ರಾಗಿ ಬಿತ್ತಿದಂತೆ ಇಲ್ಲಿಯೂ ಬಿತ್ತನೆ ಬೇಕು. ಕೆರೆಯ ಮೀನು ಹಿಡಿಯುವ ಹಕ್ಕನ್ನು ಪಡೆದ ಸಹಕಾರ ಸಂಘದವರಿಗೆ ಅಥವಾ ಗುತ್ತಿಗೆದಾರರಿಗೆ ಇದು ಬೆಳೆ. ಈ ಲೆಕ್ಕದಲ್ಲಿ ಮರಿ ಬಿಡುವುದು ಸರಿಯಾದ ಕೆಲಸವೇ.

'ಇಂಜೆಕ್ಷನ್ ಮೀನು' ಎಂಬ ಮಾತು ಬಂದದ್ದೆಲ್ಲಿಂದ?

ಮೀನು ನಿಂತ ನೀರಿನಲ್ಲಿ ಮೊಟ್ಟೆಯಿಡದಿದ್ದರೆ ಮರಿ ಎಲ್ಲಿಂದ ಬರಬೇಕು? 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಗೆಂಡೆ ಮೀನಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಅದರ ನೆನಪಿಗೆ ಜುಲೈ 10 ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನ. ಆ ಚುಚ್ಚುಮದ್ದು ಮರಿ ಉತ್ಪಾದನಾ ಕೇಂದ್ರದಲ್ಲಿರುವ ತಾಯಿ ಮತ್ತು ಗಂಡು ಮೀನಿಗೆ. ಕೆರೆಯಲ್ಲಿ ಬೆಳೆದು ನಿಮ್ಮ ಸಾರಿಗೆ ಬರುವ ಮೀನಿಗೆ ಯಾರೂ ಸೂಜಿ ಚುಚ್ಚುವುದಿಲ್ಲ. ಸಾವಿರಾರು ಮೀನುಗಳನ್ನು ಹಿಡಿದು ಒಂದೊಂದಕ್ಕೂ ಚುಚ್ಚಲು ಆಗುವುದಾದರೂ ಹೇಗೆ?

ತಿನ್ನುವವರು ಯೋಚಿಸಬೇಕಾದದ್ದು ನೀರಿನ ಬಗ್ಗೆ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬಂದು ಸೇರುವ ಬಿಡದಿ ಬಳಿಯ ಬೈರಮಂಗಲದಂಥ ಕೆರೆಯ ಮೀನಿನ ಮೈಯಲ್ಲಿ ಭಾರಲೋಹಗಳು ಸೇರಬಹುದು. ಮರಿ ಬಿಟ್ಟ ಮಾತ್ರಕ್ಕೆ ಅಂಥ ನೀರು ಶುದ್ಧವಾಗುವುದೂ ಇಲ್ಲ.

ಹೆಚ್ಚು ಮರಿ ಬಿಟ್ಟರೆ ಹೆಚ್ಚು ಮೀನೇ?

ಅಲ್ಲ. ಕೆರೆಯಲ್ಲಿರುವ ಮೇವು ಇಷ್ಟೇ ಎಂದಿರುತ್ತದೆ. ಮಿತಿ ಮೀರಿ ಬಿಟ್ಟರೆ ಎಲ್ಲವೂ ಅರೆಹೊಟ್ಟೆಯಲ್ಲಿ ಸಣಕಲಾಗಿಯೇ ಉಳಿಯುತ್ತವೆ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಬಿಸಿಯಾದಾಗ ಅದರಲ್ಲಿ ಕರಗುವ ಆಮ್ಲಜನಕವೂ ಕಡಿಮೆ. ಆಗ ದಟ್ಟಣೆಯಿದ್ದರೆ ಬೆಳಗಿನ ಜಾವ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತವೆ, ಕೆಲವೊಮ್ಮೆ ರಾಶಿರಾಶಿಯಾಗಿ ಸಾಯುತ್ತವೆ. 'ಯಾರೋ ವಿಷ ಹಾಕಿದರು' ಎಂಬ ಸಂದೇಶಗಳ ಹಿಂದೆ ಎಷ್ಟೋ ಸಲ ಇರುವುದು ಇದೇ.

ಮರಿಯ ಗಾತ್ರವೂ ಮುಖ್ಯ. ಕಣ್ವ, ಮಂಚನಬೆಲೆ, ಹಾರೋಬೆಲೆಯಂಥ ಜಲಾಶಯಗಳಲ್ಲಿ ದೊಡ್ಡ ಮೀನುಗಳು ಮೊದಲೇ ಇರುತ್ತವೆ. ಅಲ್ಲಿಗೆ ಎಳೆಯ ಮರಿ ಬಿಟ್ಟರೆ ಅವಕ್ಕೆ ಊಟ ಹಾಕಿದಂತೆ. ಬೆರಳುದ್ದ ಬೆಳೆದ ಬಲಿತ ಬಿತ್ತನೆ ಮರಿಯೇ ಉಳಿಯುವುದು.

ಸಂಗಮದಲ್ಲಿ ಆದದ್ದೇನು?

ಅರ್ಕಾವತಿ ಕಾವೇರಿಯನ್ನು ಸೇರುವ ಕನಕಪುರದ ಸಂಗಮದ ಆಸುಪಾಸು ಒಂದು ಕಾಲಕ್ಕೆ ಗೂನುಬೆನ್ನಿನ ಮಹಶೀರ್‌ಗೆ ಹೆಸರುವಾಸಿ. 50 ಕಿಲೊ ಮೀರಿ ಬೆಳೆಯುವ ಈ ಮೀನು ಜಗತ್ತಿನಲ್ಲಿ ಇರುವುದು ಕಾವೇರಿ ಕೊಳ್ಳದಲ್ಲಿ ಮಾತ್ರ. ಗಾಣ ಹಾಕಿ ಹಿಡಿದು ಮತ್ತೆ ನೀರಿಗೇ ಬಿಡುವ ಹವ್ಯಾಸಿಗಳು ದೂರದ ದೇಶಗಳಿಂದ ಬರುತ್ತಿದ್ದರು.

ಮಹಶೀರ್ ಸಂತತಿ ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ಮರಿಗಳನ್ನು ಕಾವೇರಿಗೆ ತಂದು ಬಿಡಲಾಯಿತು. ಆದರೆ ಅವು ಬೇರೆ ಜಾತಿಯವು, ನೀಲಿ ರೆಕ್ಕೆಯ ಮಹಶೀರ್. ಸಂಗಮದ ಕೆಳಗಿನ ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಣಕ್ಕೆ ಸಿಕ್ಕ ಮೀನುಗಳ ದಾಖಲೆಯನ್ನು ಸಂಶೋಧಕರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯವು ಹೆಚ್ಚುತ್ತಾ ಹೋಗಿದ್ದವು. ಗೂನುಬೆನ್ನಿನವು ಕಡಿಮೆಯಾಗುತ್ತಾ, ಸಿಕ್ಕ ಕೆಲವೂ ವಯಸ್ಸಾದ ದೊಡ್ಡ ಮೀನುಗಳೇ ಆಗಿದ್ದವು. ಅಂದರೆ ಹೊಸ ಪೀಳಿಗೆ ಬರುತ್ತಿರಲಿಲ್ಲ. 2018ರಲ್ಲಿ ಈ ಮೀನನ್ನು 'ತೀವ್ರ ಅಪಾಯದಲ್ಲಿರುವ' ಜೀವಿಗಳ ಕೆಂಪು ಪಟ್ಟಿಗೆ ಸೇರಿಸಲಾಯಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಇವೂ ಅದನ್ನು ಕಾಡಿವೆ. ಆದರೆ 'ಮಹಶೀರ್ ಹೆಚ್ಚಾಗಿದೆ' ಎಂದು ಎಲ್ಲರೂ ಸಂತೋಷಪಡುತ್ತಿದ್ದಾಗಲೇ ನಮ್ಮ ಮಹಶೀರ್ ಕಣ್ಮರೆಯಾಗುತ್ತಿತ್ತು.

ಕೆರೆಗೆ ಬಿಟ್ಟದ್ದು ಕೆರೆಯಲ್ಲೇ ಉಳಿಯುತ್ತದೆಯೇ?

ಕೋಡಿ ಬಿದ್ದರೆ ಮೀನೂ ಹೊರಡುತ್ತದೆ. ಕಣ್ವ ನದಿ ಶಿಂಷಾವನ್ನು, ಶಿಂಷಾ ಕಾವೇರಿಯನ್ನು ಸೇರುತ್ತದೆ. ಮಾಗಡಿಯ ಮಂಚನಬೆಲೆಯಿಂದ ಹರಿದ ಅರ್ಕಾವತಿ ಸಂಗಮಕ್ಕೇ ಬರುತ್ತದೆ. 1952ರಲ್ಲಿ ಭಾರತಕ್ಕೆ ತಂದ ಟಿಲಾಪಿಯಾ, ಅಂದರೆ ಜಿಲೇಬಿ ಮೀನು, ಹೀಗೆಯೇ ಊರೂರಿಗೆ ಹಬ್ಬಿತು. ಸಿಕ್ಕಿದ್ದನ್ನೆಲ್ಲ ನುಂಗುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಸೊಳ್ಳೆಮರಿ ತಿನ್ನಲಿ ಎಂದು 1928ರಲ್ಲಿ ತಂದ ಗಂಬೂಸಿಯಾ ಊರ ಮೀನುಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ.

ಹಾಗಾದರೆ ನಾವೇನು ಮಾಡಬೇಕು?

• ಮರಿ ಬಿಡುವ ಮುನ್ನ ಯಾವ ಜಾತಿ, ಯಾವ ಗಾತ್ರ, ಎಷ್ಟು ಎಂದು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿ.
• ಹರಿಯುವ ನದಿಗೆ ನೀವಾಗಿಯೇ ಮೀನು ಬಿಡಬೇಡಿ.
• ಮನೆಯ ಅಕ್ವೇರಿಯಂ ಮೀನು ಸಾಕಾಯಿತೆಂದು ಕೆರೆಗೆ ಸುರಿಯಬೇಡಿ.
• ವಿಡಿಯೊ ಬಂದರೆ ಮೊದಲು ಕೇಳಿ: ಇದು ಯಾವ ಮೀನು? ಉತ್ತರ ಗೊತ್ತಿಲ್ಲದಿದ್ದರೆ ಫಾರ್ವರ್ಡ್ ಮಾಡದಿರುವುದೇ ಒಳ್ಳೆಯದು.

ಮರಿ ಬಿಡುವುದು ಬಿತ್ತನೆಯ ಕೆಲಸ. ಯಾವ ಬೀಜ, ಯಾವ ನೆಲಕ್ಕೆ ಎಂದು ನೋಡದೆ ಯಾವ ರೈತನೂ ಬಿತ್ತುವುದಿಲ್ಲ.