ಜೊತೆಗಾರ ಸಿಕ್ಕರೆ ಮಾತ್ರ ಡಿಎನ್‌ಎ ಹಿಡಿತ

ಡಿಎನ್‌ಎಯ ಗೊತ್ತಾದ ತಾಣವೊಂದನ್ನು ಹಿಡಿದು, ಹತ್ತಿರದ ಜೀನ್ ಕೆಲಸ ಮಾಡಬೇಕೋ ಸುಮ್ಮನಿರಬೇಕೋ ಎಂದು ನಿರ್ಧರಿಸುವ ಪ್ರೋಟೀನ್‌ಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಮನುಷ್ಯರಲ್ಲಿ ಇಂಥವು ಸುಮಾರು 1,600 ಇವೆ. ಇವುಗಳಲ್ಲಿ ಅನೇಕವು ಒಂಟಿಯಾಗಿ ಡಿಎನ್‌ಎಯನ್ನು ಗಟ್ಟಿಯಾಗಿ ಹಿಡಿಯಲಾರವು. ಎರಡೆರಡಾಗಿ ಕೂಡಿಕೊಂಡರೆ ಮಾತ್ರ ಕೆಲಸ ಸಾಗುತ್ತದೆ. ಯಾವುದು ಯಾವುದರೊಡನೆ ಕೂಡಬೇಕೆಂಬುದು ಪ್ರೋಟೀನಿನ ಒಂದು ಸಣ್ಣ ಭಾಗದಲ್ಲಿ ತೀರ್ಮಾನವಾಗುತ್ತದೆ. ಹೀಗೆ ಒಂದು ನಿರ್ದಿಷ್ಟ ಕೆಲಸ ಹೊತ್ತ ಭಾಗವೇ ಡೊಮೇನ್.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಲ್ಯೂಸಿನ್ ಜಿಪ್ಪರ್ ಎಂಬ ಡೊಮೇನಿನಲ್ಲಿ. 1988ರಲ್ಲಿ ಅಮೆರಿಕದ ಸ್ಟೀವನ್ ಮೆಕ್‌ನೈಟ್ ಮತ್ತು ಸಂಗಡಿಗರು ಇದನ್ನು ಮೊದಲು ಗುರುತಿಸಿದರು. ಕೆಲವು ಪ್ರೋಟೀನ್‌ಗಳ ಸರಪಳಿಯಲ್ಲಿ ಪ್ರತಿ ಏಳನೆಯ ಅಮೈನೋ ಆಮ್ಲವೂ ಲ್ಯೂಸಿನ್ ಆಗಿತ್ತು. ಸರಪಳಿ ಸುರುಳಿಯಾದಾಗ ಈ ಲ್ಯೂಸಿನ್‌ಗಳೆಲ್ಲ ಒಂದೇ ಮಗ್ಗುಲಿಗೆ ಬರುತ್ತವೆ. ಅವು ನೀರಿನಿಂದ ದೂರವಿರಬಯಸುವುದರಿಂದ ಅಂಥದೇ ಇನ್ನೊಂದು ಸುರುಳಿಯ ಲ್ಯೂಸಿನ್ ಸಾಲಿಗೆ ಒತ್ತಿಕೊಳ್ಳುತ್ತವೆ. ಇವು ಜಿಪ್ಪಿನ ಹಲ್ಲುಗಳಂತೆ ಒಂದರ ಸಂದಿಗೆ ಇನ್ನೊಂದು ಸಿಕ್ಕಿಕೊಳ್ಳುತ್ತವೆಂದು ಮೊದಲು ಊಹಿಸಲಾಗಿತ್ತು. 1991ರಲ್ಲಿ ಯೀಸ್ಟ್‌ನ ಜಿಸಿಎನ್4 ಪ್ರೋಟೀನಿನ ರಚನೆ ಬಿಡಿಸಿದಾಗ, ಎರಡು ಸುರುಳಿಗಳು ಹೆಣೆದುಕೊಂಡು ಲ್ಯೂಸಿನ್‌ಗಳು ಅಕ್ಕಪಕ್ಕ ನಿಲ್ಲುವುದು ಕಂಡಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಜಿಪ್ಪರಿಗೆ ಒತ್ತಿಕೊಂಡೇ ಧನ ವಿದ್ಯುದಂಶದ ಅಮೈನೋ ಆಮ್ಲಗಳು ತುಂಬಿದ ಇನ್ನೊಂದು ಭಾಗವಿದೆ. ಡಿಎನ್‌ಎ ಸಿಗುವವರೆಗೆ ಅದಕ್ಕೆ ನಿಶ್ಚಿತ ಆಕಾರವಿಲ್ಲ. ಸಿಕ್ಕೊಡನೆ ಸುರುಳಿಯಾಗಿ ಡಿಎನ್‌ಎಯ ದೊಡ್ಡ ತೋಡಿನೊಳಗೆ ಕೂರುತ್ತದೆ. ಜೋಡಿಯ ಒಂದೊಂದು ಪ್ರೋಟೀನ್ ತಾಣದ ಒಂದೊಂದು ಅರ್ಧವನ್ನು ಹಿಡಿಯುತ್ತದೆ.

ಫಾಸ್ ಮತ್ತು ಜೂನ್ ಎಂಬ ಎರಡು ಪ್ರೋಟೀನ್‌ಗಳನ್ನು ನೋಡಿದರೆ ಈ ಏರ್ಪಾಟಿನ ಸೊಗಸು ತಿಳಿಯುತ್ತದೆ. ಫಾಸ್‌ನ ಜಿಪ್ಪರಿನ ಅಂಚಿನಲ್ಲಿ ಋಣ ವಿದ್ಯುದಂಶ ಹೆಚ್ಚು. ಹಾಗಾಗಿ ಎರಡು ಫಾಸ್‌ಗಳು ಒಂದನ್ನೊಂದು ದೂಡುತ್ತವೆ, ಜೋಡಿಯಾಗುವುದಿಲ್ಲ. ಜೂನ್ ಇನ್ನೊಂದು ಜೂನ್ ಜೊತೆ ಸೇರಬಲ್ಲದು, ಆದರೆ ಆ ಹಿಡಿತ ಸಡಿಲ. ಫಾಸ್ ಮತ್ತು ಜೂನ್ ಸೇರಿದಾಗಲೇ ಬಂಧ ಬಿಗಿಯಾಗಿ, ಟಿಜಿಎಸಿಟಿಸಿಎ ಎಂಬ ಏಳಕ್ಷರದ ತಾಣವನ್ನು ಅವು ಭದ್ರವಾಗಿ ಹಿಡಿಯುತ್ತವೆ. ಫಾಸ್‌ನ ಜಿಪ್ಪರನ್ನು ತೆಗೆದು ಜಿಸಿಎನ್4ರ ಜಿಪ್ಪರನ್ನು ಕೂಡಿಸಿದರೆ ಫಾಸ್ ಜೂನ್‌ನ ನೆರವಿಲ್ಲದೆಯೇ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಡಿಎನ್‌ಎ ಹಿಡಿಯುವ ಶಕ್ತಿ ಅದರಲ್ಲಿ ಮೊದಲಿನಿಂದಲೂ ಇತ್ತು, ಕೊರತೆ ಇದ್ದದ್ದು ಜೊತೆಗಾರನದು ಮಾತ್ರ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಹೀಲಿಕ್ಸ್-ಲೂಪ್-ಹೀಲಿಕ್ಸ್ ಎಂಬ ಮತ್ತೊಂದು ಡೊಮೇನ್ ಜೋಡಿ ಕಟ್ಟಿಸುವುದಕ್ಕೂ ಜೋಡಿ ಕೆಡಿಸುವುದಕ್ಕೂ ಬಳಕೆಯಾಗುತ್ತದೆ. ಸ್ನಾಯುಕೋಶ ರೂಪುಗೊಳ್ಳಲು ಬೇಕಾದ ಮಯೋಡಿ ಎಂಬ ಪ್ರೋಟೀನ್, ‘ಇ ಪ್ರೋಟೀನ್‌’ಗಳೆಂಬವುಗಳೊಡನೆ ಸೇರಿ ಡಿಎನ್‌ಎ ಹಿಡಿಯುತ್ತದೆ. 1990ರಲ್ಲಿ ವರದಿಯಾದ ಐಡಿ ಎಂಬ ಪ್ರೋಟೀನಿಗೆ ಜೋಡಿಯಾಗುವ ಡೊಮೇನ್ ಇದೆ, ಡಿಎನ್‌ಎ ಹಿಡಿಯುವ ಭಾಗ ಇಲ್ಲ. ಅದು ಇ ಪ್ರೋಟೀನನ್ನು ತನ್ನ ಜೊತೆ ಕಟ್ಟಿಹಾಕಿದರೆ ಮಯೋಡಿಗೆ ಜೊತೆಗಾರನೇ ಸಿಗುವುದಿಲ್ಲ, ಸ್ನಾಯುವಿನ ಜೀನ್‌ಗಳೂ ಚುರುಕಾಗುವುದಿಲ್ಲ.

ಮಿಕ್ ಮತ್ತು ಮ್ಯಾಕ್ಸ್ ಎಂಬ ಪ್ರೋಟೀನ್‌ಗಳಲ್ಲಿ ಈ ಡೊಮೇನ್ ಮತ್ತು ಜಿಪ್ಪರ್ ಎರಡೂ ಒಟ್ಟಿಗಿವೆ. ಮ್ಯಾಕ್ಸ್ ಜೊತೆ ಮಿಕ್ ಇದ್ದರೆ ಜೀನ್ ಚುರುಕಾಗುತ್ತದೆ. ಮಿಕ್‌ನ ಜಾಗಕ್ಕೆ ಮ್ಯಾಡ್ ಎಂಬ ಪ್ರೋಟೀನ್ ಬಂದರೆ ಅದೇ ತಾಣದಲ್ಲಿ ಜೀನ್ ತಗ್ಗುತ್ತದೆ. ಅನೇಕ ಕ್ಯಾನ್ಸರ್‌ಗಳಲ್ಲಿ ಮಿಕ್ ಮಿತಿಮೀರಿರುತ್ತದೆ. ಮಿಕ್ ಜಿಪ್ಪರಿನ ನಾಲ್ಕು ಅಮೈನೋ ಆಮ್ಲಗಳನ್ನು ಬದಲಿಸಿ ರೂಪಿಸಿದ ಓಮೋಮಿಕ್ ಎಂಬ ಪುಟ್ಟ ಪ್ರೋಟೀನ್, ಮಿಕ್ ಕೂರಬೇಕಾದ ತಾಣಗಳನ್ನು ತಾನೇ ಆಕ್ರಮಿಸುತ್ತದೆ. ಜೀನನ್ನು ಚುರುಕುಗೊಳಿಸುವ ಭಾಗ ಅದರಲ್ಲಿಲ್ಲ. ರೋಗಿಗಳ ಮೇಲೆ ನಡೆದ ಅದರ ಮೊದಲ ಹಂತದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು.