ಎದುರಾಳಿ ರೊಕ್ಕ ಕಟ್ಟಿದವನೇ? ಆನ್‌ಲೈನ್ ಚೆಸ್ಸಿನಲ್ಲಿ ಸದಸ್ಯತ್ವ ಮತ್ತು ಸಾಟಿ

ನಾನು ಬುಧಗಾಂವದಿಂದ ಮಾತಾಡುತ್ತಿದ್ದೇನೆ, ಧ್ವನಿ ಕಡಿದರೆ ಚಾಟಿನಲ್ಲಿ ತಿಳಿಸ್ರಿ. ನಮ್ಮ ಹಾಸ್ಟೆಲಿನ ಚೆಸ್ ಗುಂಪಿನಲ್ಲಿ ಆನ್‌ಲೈನ್ ಪಂದ್ಯಾವಳಿ ಮಾಡೋಣ ಅಂದಾಗ ಒಂದು ಸೂಚನೆ ಬಂತು: "ರೊಕ್ಕ ಕಟ್ಟಿದ ಮೆಂಬರುಗಳನ್ನಷ್ಟೇ ಸೇರಿಸೋಣ. ಪುಕ್ಕಟೆ ಖಾತೆಯವರು ಸೋಲುವಾಗ ಅರ್ಧಕ್ಕೆ ಬಿಟ್ಟು ಹೋಗ್ತಾರ, ಇಲ್ಲಾ ಕಂಪ್ಯೂಟರ್ ನೋಡಿ ಆಡ್ತಾರ." ಗುಂಪಿನಲ್ಲಿ ಹೆಚ್ಚಿನವರು ಪುಕ್ಕಟೆ ಖಾತೆಯವರೇ. ಜತ್ತ ತಾಲೂಕಿನ ಕನ್ನಡ ಶಾಲೆಗಳಿಂದ ಬಂದ ನಾವಂತೂ ಎಲ್ಲರೂ. ಈ ನಿಯಮ ಬಂದರೆ ನಾವು ಹೊರಗೆ. ಆದರೆ ಅಳಲು ಹೇಳಿಕೊಳ್ಳಲು ನಾನು ಇಲ್ಲಿ ಬಂದಿಲ್ಲ. ಆ ಮಾತು ನಿಜವೇ ಅನ್ನುವುದನ್ನಷ್ಟೇ ನೋಡೋಣ.

ಈ ಜಗಳ ಹಳೆಯದು. 1992ರಲ್ಲಿ ಶುರುವಾದ ಇಂಟರ್ನೆಟ್ ಚೆಸ್ ಸರ್ವರ್ ಮೊದಲು ಎಲ್ಲರಿಗೂ ಉಚಿತವಾಗಿತ್ತು. 1995ರಲ್ಲಿ ಡೇನಿಯಲ್ ಸ್ಲೀಟರ್ ಅದನ್ನು ಇಂಟರ್ನೆಟ್ ಚೆಸ್ ಕ್ಲಬ್ ಎಂದು ಮಾಡಿ ವರ್ಷಕ್ಕೆ 49 ಡಾಲರ್ ಶುಲ್ಕ ಇಟ್ಟರು. ಒಪ್ಪದ ಪ್ರೋಗ್ರಾಮರುಗಳು ಅದೇ ವರ್ಷ ಫ್ರೀ ಇಂಟರ್ನೆಟ್ ಚೆಸ್ ಸರ್ವರ್ ಕಟ್ಟಿದರು. ಇಂದಿನ ಎರಡು ದೊಡ್ಡ ತಾಣಗಳಲ್ಲೂ ಅದೇ ಎರಡು ದಾರಿ ಕಾಣುತ್ತದೆ. 2007ರ ಚೆಸ್ ಡಾಟ್ ಕಾಮ್‌ನಲ್ಲಿ ಗೋಲ್ಡ್, ಪ್ಲಾಟಿನಂ, ಡೈಮಂಡ್ ಎಂದು ದರ್ಜೆಗಳು. 2010ರಲ್ಲಿ ಫ್ರಾನ್ಸಿನ ತಿಬೋ ದ್ಯುಪ್ಲೆಸಿ ಆರಂಭಿಸಿದ ಲೀಚೆಸ್‌ನಲ್ಲಿ ಎಲ್ಲವೂ ಎಲ್ಲರಿಗೂ. ದೇಣಿಗೆ ಕೊಟ್ಟವರ ಹೆಸರಿನ ಪಕ್ಕ ಒಂದು ಜೋಡಿ ರೆಕ್ಕೆ ಬರುತ್ತದೆ, ಅಷ್ಟೇ.

ಸಾಂಗ್ಲಿಯವರಿಗೆ ನಾನು ಬುದ್ಧಿಬಳದ ಬಗ್ಗೆ ಹೇಳುವುದು ಸ್ವಲ್ಪ ಅತಿಯಾದೀತು. ಭಾವುಸಾಹೇಬ ಪಡಸಲಗೀಕರರ ನೂತನ ಬುದ್ಧಿಬಳ ಮಂಡಳ ಇರುವ ಊರು, ಭಾಗ್ಯಶ್ರೀ ಠಿಪ್ಸೆ, ಸ್ವಾತಿ ಘಾಟೆ ಅವರ ಊರು. ಹಲಗೆಯ ಪಂದ್ಯಾವಳಿಗಳಲ್ಲಿ ಒಂದು ರೂಢಿ ಇದೆ, ನೆನಪು ಮಾಡಿಕೊಳ್ರಿ: ಗ್ರ್ಯಾಂಡ್‌ಮಾಸ್ಟರುಗಳಿಗೆ ಸಾಮಾನ್ಯವಾಗಿ ಪ್ರವೇಶ ಶುಲ್ಕ ಇರುವುದಿಲ್ಲ. ಕಟ್ಟುವವರು ನಮ್ಮಂಥವರು. ಅಂದರೆ ಅಲ್ಲಿ ಪುಕ್ಕಟೆ ಆಡುವವನೇ ದೊಡ್ಡ ಎದುರಾಳಿ, ಅವನ ಮುಂದೆ ಕೂರಲು ನಾವು ಹಾತೊರೆಯುತ್ತೇವೆ. ಚೆಸ್ ಡಾಟ್ ಕಾಮ್ ಕೂಡ ಬಿರುದು ಪಡೆದ ಆಟಗಾರರಿಗೆ ಡೈಮಂಡ್ ಸದಸ್ಯತ್ವವನ್ನು ಉಚಿತವಾಗಿ ಕೊಡುತ್ತದೆ. ಹಾಗಾಗಿ ಹೆಸರಿನ ಪಕ್ಕದ ವಜ್ರ ನೋಡಿ "ಇವನು ರೊಕ್ಕ ಕೊಟ್ಟಾನ" ಅಂತಲೂ ಹೇಳಲಾಗದು.

ಇನ್ನು ಸಾಟಿ. ತಾಣ ನಮಗೆ ಎದುರಾಳಿಯನ್ನು ಹುಡುಕಿ ಕೊಡುವುದು ರೇಟಿಂಗ್ ಮೇಲೆ. ಎಲೋ ಸೂತ್ರದ ಪ್ರಕಾರ ರೇಟಿಂಗ್ ಸಮ ಇದ್ದರೆ ನಿರೀಕ್ಷಿತ ಅಂಕ ಅರ್ಧ. 200 ಹೆಚ್ಚಿದ್ದವನಿಗೆ ನೂರು ಆಟಕ್ಕೆ ಸುಮಾರು 76. ಆ ಸೂತ್ರದಲ್ಲಿ ಸದಸ್ಯತ್ವಕ್ಕೆ ಅಕ್ಷರವೇ ಇಲ್ಲ. ಮಾರ್ಕ್ ಗ್ಲಿಕ್‌ಮನ್ ಇದಕ್ಕೆ ಇನ್ನೊಂದು ಸಂಖ್ಯೆ ಸೇರಿಸಿದರು: ಈ ರೇಟಿಂಗನ್ನು ಎಷ್ಟರ ಮಟ್ಟಿಗೆ ನಂಬಬಹುದು ಅನ್ನುವ ಅಳತೆ. ಹೊಸ ಖಾತೆಯಲ್ಲಿ ಈ ಅನಿಶ್ಚಿತತೆ ದೊಡ್ಡದು, ಆಡಿದಂತೆ ಕುಗ್ಗುತ್ತದೆ. ಲೀಚೆಸ್‌ನಲ್ಲಿ ರೇಟಿಂಗ್ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅದು ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ. ನಮ್ಮ ಗೆಳೆಯ ಹೆದರುವುದು ನಿಜವಾಗಿ ಇದಕ್ಕೆ. ನಿನ್ನೆ ಹುಟ್ಟಿದ ಖಾತೆಗೆ ಕಳೆದುಕೊಳ್ಳುವುದೇನೂ ಇಲ್ಲ, ಮುಚ್ಚಿದರೆ ಇನ್ನೊಂದು ತೆರೆದಾರು. ಈ ಮಾತಿನಲ್ಲಿ ತೂಕ ಇದೆ. ಆದರೆ ಹೊಸ ಖಾತೆ ಬೇರೆ, ಪುಕ್ಕಟೆ ಖಾತೆ ಬೇರೆ. ನಾಲ್ಕು ವರ್ಷದಿಂದ ಮೂರು ಸಾವಿರ ಆಟ ಆಡಿದವನಿಗೆ ಆ ಖಾತೆಯೇ ಆಸ್ತಿ, ಒಂದು ರೂಪಾಯಿ ಕೊಡದಿದ್ದರೂ.

ಮೋಸದ ಮಾತಿಗೆ ಬಂದರೆ ಬೆಂಗಳೂರಿನ ಉದಾಹರಣೆ ಎಲ್ಲರಿಗೂ ಗೊತ್ತು. 2021ರ ಜೂನ್ 13ರಂದು ಕೋವಿಡ್ ನೆರವಿಗಾಗಿ ವಿಶ್ವನಾಥನ್ ಆನಂದ್ ಗಣ್ಯರ ಜೊತೆ ಆನ್‌ಲೈನ್‌ನಲ್ಲಿ ಆಡಿದರು. ನಮ್ಮ ಸುದೀಪ್ ಕೂಡ ಇದ್ದರು. ಜೆರೋಧಾದ ನಿಖಿಲ್ ಕಾಮತ್ ಮಾತ್ರ ಆನಂದರನ್ನು ಗೆದ್ದರು. ಮರುದಿನ, ಜನರ ಮತ್ತು ಕಂಪ್ಯೂಟರಿನ ಸಹಾಯ ಪಡೆದಿದ್ದೆ ಎಂದು ಅವರೇ ಒಪ್ಪಿ ಕ್ಷಮೆ ಕೇಳಿದರು. ಮುಚ್ಚಿದ್ದ ಖಾತೆಯನ್ನು ತಾಣ ಆಮೇಲೆ ತೆರೆದುಕೊಟ್ಟಿತು. ಸದಸ್ಯತ್ವದ ರೊಕ್ಕ ಅವರಿಗೆ ಒಂದು ಲೆಕ್ಕವೇ? ಅವರನ್ನು ಇಲ್ಲಿ ಕೆಟ್ಟವರು ಅನ್ನಲು ಹೊರಟಿಲ್ಲ, ಒಪ್ಪಿಕೊಂಡರು, ಮುಗೀತು. ನನಗೆ ಬೇಕಾದ್ದು ಇಷ್ಟೇ: ಮೋಸದ ಆಸೆಗೂ ಜೇಬಿಗೂ ಸಂಬಂಧ ಹಚ್ಚಲು ಆಧಾರ ಇಲ್ಲ.

ಹಾಗಾದರೆ ರೊಕ್ಕ ಏನನ್ನು ಕೊಳ್ಳುತ್ತದೆ? ಆಟವನ್ನಲ್ಲ, ಆಟದ ನಂತರದ್ದನ್ನು. ಪುಕ್ಕಟೆ ಸದಸ್ಯನಿಗೆ ಚೆಸ್ ಡಾಟ್ ಕಾಮ್‌ನಲ್ಲಿ ಆಟದ ಪರಿಶೀಲನೆ ಮಿತವಾಗಿ ಸಿಗುತ್ತದೆ, ಒಗಟುಗಳೂ ಮಿತ, ಮೇಲೆ ಜಾಹೀರಾತು. ಕಟ್ಟಿದವನು ತನ್ನ ಹತ್ತು ಸೋಲನ್ನೂ ಅದೇ ರಾತ್ರಿ ಬಿಚ್ಚಿ ನೋಡುತ್ತಾನೆ, ಎಲ್ಲಿ ಕುದುರೆ ತಪ್ಪು ಮನೆಗೆ ಹೋಯ್ತು, ಯಾವ ಪ್ಯಾದೆ ತಳ್ಳಬಾರದಿತ್ತು ಅಂತ. ಇಂದು ಇಬ್ಬರೂ 1200 ಇದ್ದರೆ ಇಂದಿನ ಆಟ ಸಮವೇ. ಆರು ತಿಂಗಳ ನಂತರ ಆ ಇಬ್ಬರೂ ಒಬ್ಬರಿಗೊಬ್ಬರು ಸಿಗದೇ ಹೋಗಬಹುದು. ಅನ್ಯಾಯ ಇದ್ದರೆ ಇಲ್ಲಿದೆ, ಮತ್ತು ಅದು ಪುಕ್ಕಟೆಯವನಿಗೇ ಆಗುವ ಅನ್ಯಾಯ. ದಾರಿಯೂ ಇದೆ: ಆಟದ ನಡೆಗಳನ್ನು ಇಳಿಸಿಕೊಂಡು ಲೀಚೆಸ್‌ಗೆ ಹಾಕಿದರೆ ವಿಶ್ಲೇಷಣೆ ಉಚಿತ. ಆ ಕೆಲಸ ಮಾಡುವುದು ಸ್ವಯಂಸೇವಕರು ಬಿಟ್ಟುಕೊಟ್ಟ ಕಂಪ್ಯೂಟರುಗಳು. ಪುಕ್ಕಟೆ ಅಂದರೂ ಎಲ್ಲೋ ಯಾರದೋ ಕರೆಂಟ್ ಬಿಲ್ ಏರುತ್ತಿರುತ್ತದೆ.

ಒಂದು ಕಡೆ ಮಾತ್ರ ಲೆಕ್ಕ ತಿರುಗುತ್ತದೆ. ಒಂದು ನಡೆಗೆ ಒಂದೋ ಮೂರೋ ದಿನ ಕೊಡುವ ನಿಧಾನದ ಆಟದಲ್ಲಿ ಕೆಲವು ತಾಣಗಳು ಪುಕ್ಕಟೆ ಸದಸ್ಯ ಒಮ್ಮೆಗೆ ಇಂತಿಷ್ಟೇ ಆಟ ಆಡಬಹುದು ಎಂದು ಮಿತಿ ಹಾಕುತ್ತವೆ. ಅವನ ಬಳಿ ಆರು ಆಟ, ಕಟ್ಟಿದವನ ಬಳಿ ಎಂಬತ್ತು ಅಂತ ಇಟ್ಟುಕೊಳ್ರಿ. ಯಾರು ಹೆಚ್ಚು ಹೊತ್ತು ಯೋಚಿಸಿ ನಡೆ ಇಡುತ್ತಾರೆ? ಅಲ್ಲಿ ನಾನಾದರೆ ಪುಕ್ಕಟೆಯವನಿಗೇ ಹೆಚ್ಚು ಹೆದರುತ್ತೇನೆ.

ಗುಂಪಿನ ಮುಂದೆ ನಾನು ಇಟ್ಟ ಬದಲಿ ನಿಯಮ ಹೀಗಿದೆ: ಖಾತೆಗೆ ಕನಿಷ್ಠ ಮೂರು ತಿಂಗಳಾಗಿರಬೇಕು, ನೂರು ರೇಟೆಡ್ ಆಟ ಆಡಿರಬೇಕು, ಎರಡು ಸಲ ಆಟ ಅರ್ಧಕ್ಕೆ ಬಿಟ್ಟವರು ಹೊರಗೆ. ಕೊನೆಯ ಎರಡು ಸುತ್ತು ಮೆಸ್ಸಿನ ಮೇಜಿನ ಮೇಲೆ, ಹಲಗೆ ಇಟ್ಟು, ಮೊಬೈಲ್ ವಾರ್ಡನ್ ಸರ್ ಹತ್ತಿರ ಕೊಟ್ಟು. ಮತ ಹಾಕುವುದು ಬರುವ ರವಿವಾರ. ಪ್ರಶ್ನೆ ಇದ್ದರೆ ಕೇಳ್ರಿ.